ನುಣ್ಣನೆಯ ಬೂದಿ

ನಮ್ಮಕ್ಕನ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಬಂದವರನ್ನು ಕೇಳಿ ನೋಡಿ. ಬದನೆಕಾಯಿ ಎಣಗಾಯಿ ತಿಂದು ಬೆರಳು ಚೀಪಿದವರೆಲ್ಲ ಒಂದೇ ಹೆಸರು ಹೇಳುತ್ತಾರೆ: ಬಸು! ಇಳಕಲ್ಲಿನಲ್ಲಿ ಬದನೆ ಗಿಡ ಹತ್ತಬೇಕಾದರೆ ಹುಳ ಕೂಡ ನನ್ನ ಅಪ್ಪಣೆ ಕೇಳಬೇಕು. ಹೀರೋ ಎಂಟ್ರಿ ಇದು. ಶಿಳ್ಳೆ ಹೊಡೆಯುವವರು ಈಗಲೇ ಹೊಡೆದುಬಿಡಿ, ಆಮೇಲೆ ಮನಸ್ಸು ಬರಲಿಕ್ಕಿಲ್ಲ.

ಬಸುರಿಯಾದ ಹೊಸದರಲ್ಲಿ ಚೇತನಕ್ಕ ಗುಳೇದಗುಡ್ಡದಿಂದ ತವರಿಗೆ ಬಂದಿದ್ದಳು. ಸಂತೆಯ ಬದನೆಕಾಯಿ ಹೆಚ್ಚಿದರೆ ಸಾಕು, ಔಷಧಿ ನಾತ ಎಂದು ಬಚ್ಚಲಿಗೆ ಓಡುತ್ತಿದ್ದಳು. ಆದರೆ ಬಾಯಿ ಬಯಸಿದ್ದು ಎಣಗಾಯಿಯನ್ನೇ.

“ಬಸು, ಕುಬಸದ ದಿನ ಮನಿ ಬದನಿಕಾಯಿ ತಿನ್ನಸ್ತಿಯೇನೋ?”

“ಅಕ್ಕಾ, ಈ ಬಸು ಮಾತು ಕೊಟ್ರ ಕ್ಲೈಮ್ಯಾಕ್ಸ್ ತನಕ ಕಟ್ ಅನ್ನಂಗಿಲ್ಲ!”

“ಡೈಲಾಗ್ ಬ್ಯಾಡ. ಬದನಿಕಾಯಿ ಬೇಕು.”

ಹಿತ್ತಲಲ್ಲಿ ಸಸಿ ನೆಟ್ಟೆ. ಪಕ್ಕದ ಮನೆಯ ಶಿರೀಷ ಸರ್ ಕೂಡ ನೆಟ್ಟರು. ಅವರು ಸಾಲಿ ಮಾಸ್ತರು. ಸಾಲಿ ಬಿಟ್ಟ ಮೇಲೂ ಪಾಠ ಬಿಡುವವರಲ್ಲ. ಗೋಡೆಯ ಮೇಲಿಂದಲೇ ಶುರು.

“ಬಸು, ಮಣ್ಣೂ ಉಸಿರಾಡ್ತದಪಾ. ಬುಡಕ್ಕ ಜೋಳದ ಒಣ ಎಲಿ, ರವದಿ ಹೊಚ್ಚು. ಬೆರಳು ಚುಚ್ಚಿ ನೋಡು, ಒಣಗಿದ್ರಷ್ಟ ನೀರು ಹಾಕು.”

“ಆತ್ರೀ ಸರ್. ನಾಡಿ ಹಿಡದು ಗುಳಗಿನೂ ನುಂಗಸ್ತೇನ್ರಿ.”

ಅಷ್ಟರಲ್ಲಿ ಎಲೆಗಳ ಕೆಳಗೆ ಹಸಿರು ಹೇನು ಮುತ್ತಿಕೊಂಡವು. ಇಬ್ಬನಿ ಆರುವ ಮೊದಲು ಒಲೆಯ ಬೂದಿ ತೆಳ್ಳಗೆ ಉದುರಿಸಬೇಕು ಎಂದು ನಮ್ಮ ಮನೆಯ ಲಕ್ಕವ್ವಜ್ಜಿ ಹೇಳಿದಳು. ಅಜ್ಜಿ ರೊಟ್ಟಿ ಬಡಿಯುವುದು ಇನ್ನೂ ಕಟ್ಟಿಗೆ ಒಲೆಯ ಮೇಲೇ. ಸರ್ ಮನೆಯಲ್ಲಿ ಬರೀ ಗ್ಯಾಸು. ಅವರೂ ಒಂದು ಚೀಲ ಬೂದಿ ಕೇಳಿದರು.

“ನಿಮಗಂತನ ಸ್ಪೆಷಲ್ ಕೊಡ್ತೇನ್ರಿ ಸರ್!”

ಒಲೆಯ ಹತ್ತಿರ ಎರಡು ಚೀಲ ಇಟ್ಟೆ. ಬಾಗಿಲ ಕಡೆಯದು ಸರ್‌ಗೆ, ಗೋಡೆ ಕಡೆಯದು ನಮಗೆ. ಸರ್ ಚೀಲ ಸರ್‌ಗೆ ಕೊಡು, ನಮ್ಮ ಗಿಡಕ್ಕೆ ದಿನಾ ನೀನೇ ಉದುರಿಸು ಎಂದು ಅಜ್ಜಿಗೆ ಹೇಳಿ ಕೆಲಸಕ್ಕೆ ಹೋದೆ.

ಅಲ್ಲಿಂದ ನನ್ನ ಫ್ಲಾಪ್ ಸಿನಿಮಾ ಶುರು. ನೀರು ಹಾಕಿದರೆ ಕೆಳಗಿಳಿಯದು, ಕೆರೆಯ ಹಾಗೆ ಬುಡದಲ್ಲಿ ನಿಲ್ಲುವುದು. ಎಲೆ ಹಳದಿಯಾದವು. ನೀರು ಸಾಲದೇನೋ ಎಂದು ಇನ್ನೆರಡು ಕೊಡ ಸುರಿದೆ, ಹೂವು ಉದುರಿದವು. ಬೇವಿನ ಬೀಜ ಕುಟ್ಟಿ, ನೆನೆಸಿ, ಸೋಸಿ, ಚೂರು ಸೋಪು ಕಲಸಿ ಸಂಜೆ ಹೊಡೆದೆ. ಹೇನೇನೋ ಕಡಿಮೆಯಾದವು, ಗಿಡದ ಮೋರೆ ಮಾತ್ರ ನೆಟ್ಟಗಾಗಲಿಲ್ಲ. ಸಾಯುವುದಾದರೆ ಸಾಯಿ, ಬದುಕುವುದಾದರೆ ಬದುಕು, ನಡುವೆ ಇದೆಂಥ ಸಸ್ಪೆನ್ಸು ಎಂದು ಗಿಡಕ್ಕೇ ಬೈದೆ. ಗೋಡೆಯಾಚೆ ಸರ್ ಗಿಡಗಳು ನೇರಳೆ ಹೂ ಬಿಟ್ಟು ನಗುತ್ತಿದ್ದವು. ಮೈ ಉರಿಯದೆ ಇರುತ್ತದೆಯೇ?

ಅಕ್ಕನ ಫೋನ್ ಬೇರೆ. “ಕಾಯಿ ಬಿಟ್ಟಾವೇನೋ?”

“ಶೂಟಿಂಗ್ ನಡದೈತಿ ಅಕ್ಕಾ.”

“ಹೀರೋಯಿನ್ ಬಸುರಿ ಅದಾಳ, ಲಗೂ ಮುಗಸು.”

ಕುಬಸ ಹತ್ತಿರ ಬಂತು, ಒಂದು ಕಾಯಿಯೂ ಇಲ್ಲ. ಸಿಟ್ಟಿಗೆ ಕಳೆ ತೆಗೆಯುವ ಕುರ್ಪಿ ಎತ್ತಿ ಒಂದು ಗಿಡದ ಬುಡಕ್ಕೆ ಹೊಡೆದೆ. ಟಣ್ ಎಂದಿತು! ಬೂದು ಬಣ್ಣದ ಬಿಲ್ಲೆಯೊಂದು ಎದ್ದು ಬಂತು. ಬಿಸಿಲಿಗೆ ಹಿಡಿದರೆ ಮಿಣಮಿಣ. ಆ ಮಿಣಮಿಣ ನನಗೆ ಗೊತ್ತಿಲ್ಲದ್ದೇ? ನಾನು ದುಡಿಯುವ ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ದಿನಾ ನನ್ನ ತಲೆ ತುಂಬ ಇರುವ ಕಲ್ಲಿನ ಪುಡಿ ಅದು.

“ಅಜ್ಜೀ! ನಮ್ಮ ಗಿಡಕ್ಕ ಯಾವ ಚೀಲದ್ದು ಹಾಕಿದಿ?”

“ನುಣ್ಣಂದು. ಇನ್ನೊಂದ್ರಾಗ ಬರೇ ಇದ್ದಲಿ ಚೂರು, ಅದನ್ನ ಮಾಸ್ತರಿಗೆ ಕೊಟ್ಟೆ. ಮೊಮ್ಮಗ ಇಷ್ಟು ಬಡದಾಡಾಕತ್ತಾನ, ಛಲೋ ಬೂದಿ ಮನಿಗಿರ್ಲಿ ಅಂತ ಬುಡಕ್ಕೂ ಬೊಗಸಿ ಬೊಗಸಿ ಸುರುವಿದೆ.”

ನಾನು ಕುರ್ಪಿ ಬಿಸಾಕಿ ಹಣೆ ಬಡಿದುಕೊಂಡೆ.

“ಯಾಕೋ, ಸಾಲಲಿಲ್ಲೇನು? ಇನ್ನೂ ಅರ್ಧ ಚೀಲ ಐತಿ.”

ಕುಬಸದ ದಿನ ಮುಂಜಾನೆ ಶಿರೀಷ ಸರ್ ಬುಟ್ಟಿ ತುಂಬ ಬದನೆಕಾಯಿ ಹೊತ್ತು ತಂದು ಅಜ್ಜಿಯ ಮುಂದಿಟ್ಟರು. “ಚೇತನಾಗ ಔಷಧಿ ವಾಸನಿ ಆಗೂದಿಲ್ಲ ಅಂತ ಕೇಳಿದ್ದೆ. ಇವಕ್ಕ ಹನಿ ಔಷಧಿ ಇಲ್ಲ. ಎಲ್ಲಾ ನಿಮ್ಮ ಬಸು ಕೊಟ್ಟ ಬೂದಿ ಪುಣ್ಯ ಯವ್ವಾ!”

ಪಂಕ್ತಿ ಮುಗಿಯುವುದರೊಳಗೆ ಬಸುನ ಬೂದಿ ಹೋಗಿ ಬಸುನ ಬದನೆಕಾಯಿ ಆಗಿತ್ತು. ಅಕ್ಕ ಎರಡನೇ ಸಲ ಹಾಕಿಸಿಕೊಂಡು, “ಮಾತು ಉಳಿಸಿಕೊಂಡಿ ನೋಡು ತಮ್ಮಾ” ಎಂದಳು. ನಾನು ಎರಡೂ ಕೈ ಜೋಡಿಸಿ ಓಣಿಗೆಲ್ಲ ನಮಸ್ಕಾರ ಹಾಕಿದೆ.

ಈಗ ಖರೆ ಮಾತು. ಕಲ್ಲಿನ ಪುಡಿ ತಾನಾಗಿ ನಡೆದು ಬಂದು ಚೀಲದೊಳಗೆ ಕೂರಲಿಲ್ಲ. ಕಾರ್ಖಾನೆಯಿಂದ ಹೊತ್ತು ತಂದವನು ನಾನು. ಸರ್ ಗಿಡದ ಬುಡ ಕಲ್ಲಾಗಲಿ, ಗೋಡೆ ಮೇಲಿನ ಪಾಠ ನಿಲ್ಲಲಿ ಎಂದು ಬಾಗಿಲ ಕಡೆಯ ಚೀಲಕ್ಕೆ ತುಂಬಿದವನೂ ನಾನೇ. ನುಣ್ಣಗಿದೆ, ಒಳ್ಳೆಯ ಬೂದಿ ಎಂದುಕೊಂಡು ಅಜ್ಜಿ ಅದನ್ನು ಮೊಮ್ಮಗನ ಪಾಲಿಗೆ ಎತ್ತಿಟ್ಟಳು. ಅಕ್ಕ ತಿಂದದ್ದು ಸರ್ ಬೆಳೆದ ಕಾಯಿ. ನಾನು ಬೆಳೆದದ್ದು ಬರೀ ಟೈಲ್ಸ್.