ನೀಲಪ್ಪನ ನೀಲಿ

ನೀಲಿ — ಅಲ್ಲ, ಬಿಸಿಲು ಬಿದ್ದು ಹಾಗೆ ಕಾಣುತ್ತಿರಬೇಕು, ಚಿತ್ರಕಥೆಯ ಪುಸ್ತಕವನ್ನು ಕಿಟಕಿಯಿಂದ ಈಚೆ ತಿರುಗಿಸುತ್ತೇನೆ, ಹೌದು, ನೀಲಿಯೇ, ಬೆಳಿಗ್ಗೆ ಎರೆಹೊಲದ ಅಂಚಿನಲ್ಲಿ ಅರಳುವ ಅಗಸಿ ಹೂವಿನ ನೀಲಿ, ಮುಖಪುಟದ ಮೇಲಿನ ನೀಲಪ್ಪನ ಹೆಗಲಿಂದ ಹಿಂದಕ್ಕೆ ಹಾರುವ ಆ ಉದ್ದನೆಯ ವಸ್ತ್ರದ ತುಂಬ, ಎಡಗಣ್ಣಿನ ಪೊರೆ ತೆಗೆದು ಇವತ್ತಿಗೆ ಒಂಬತ್ತು ದಿನ, ಹುಬ್ಬಳ್ಳಿಯ ಡಾಕ್ಟರು ಇನ್ನು ಕಪ್ಪು ಕನ್ನಡಕ ಬೇಡ ಎಂದದ್ದು ನಿನ್ನೆ, ಮೊದಲು ಏನು ನೋಡಲಿ ಎಂದು ಯೋಚಿಸಲೂ ಇಲ್ಲ, ಎದ್ದವನೇ ಟ್ರಂಕು ತೆರೆದೆ. ನೀಲಪ್ಪ ಎಂದು ಹೆಸರಿಟ್ಟವನು ನಾನೇ, ಅವನ ಖರೆ ಹೆಸರು ಮೇಲೆ ಇಂಗ್ಲಿಷಿನಲ್ಲಿದೆ, ನನಗೆ ಓದಲು ಬರುವುದಿಲ್ಲ, ಟ್ರಂಕಿನಲ್ಲಿರುವ ಇನ್ನೂರು ಪುಸ್ತಕಗಳಲ್ಲಿ ಒಂದರ ಕಥೆಯೂ ನನಗೆ ಗೊತ್ತಿಲ್ಲ, ನನಗೆ ಬೇಕಾದದ್ದು ಮುಖಪುಟ, ಈ ಒಂದೇ ಒಂದು ಹಾಳೆ. ರಿಟೈರ್ ಆಗುವವರೆಗೆ ಅಣ್ಣಿಗೇರಿ ಸ್ಟೇಷನ್ನಿನಲ್ಲಿ ನಾನು ಪಾಯಿಂಟ್ಸ್‌ಮನ್, ಹಳಿ ಬದಲಿಸಿ ಗಾಡಿಗೆ ಝಂಡಾ ತೋರಿಸುವವನು, ಗಾಡಿ ಇಳಿದವರು ಬೆಂಚಿನ ಮೇಲೆ ಮರೆತು ಹೋದದ್ದನ್ನು ಚಹಾದಂಗಡಿಯ ಅಲ್ಲಾವುದ್ದೀನ ಎತ್ತಿಡುತ್ತಿದ್ದ, ಭೀಮಶಿ ಅಣ್ಣಾ, ನಿನ್ನ ಹಾರೂ ಮನಶ್ಯಾ ಬಂದಾನ ನೋಡ್ ಬಾ, ಎಂದು ಅವನು ಕೂಗಿದರೆ ನಾನು ಕಂಕುಳಲ್ಲಿ ಝಂಡಾ ಇರುಕಿಕೊಂಡು ಓಡುತ್ತಿದ್ದೆ. ಈ ಮುಷ್ಟಿ ನೋಡು, ತಲೆಗಿಂತ ದೊಡ್ಡದು, ನನ್ನ ಮೂಗಿಗೇ ಬರುವಂತಿದೆ, ಕೆಳಗೆ ಮನೆಗಳು ಕಡ್ಡಿಪೆಟ್ಟಿಗೆಯಷ್ಟು, ಆಕಾಶ ಹಳದಿ, ಆಕಾಶ ಯಾಕೆ ಹಳದಿ ಎಂದು ಎಷ್ಟೋ ದಿನ ತಲೆ ಕೆಡಿಸಿಕೊಂಡಿದ್ದೆ, ಅದು ಹಳದಿ ಇದ್ದುದಕ್ಕೇ ನೀಲಪ್ಪ ಇಷ್ಟು ನೀಲಿ, ಮತ್ತೆ ಅವನ ಪಾದಗಳು ಚಿತ್ರದಲ್ಲಿಲ್ಲ, ಅಂಚಿಗೆ ಕತ್ತರಿಸಿ ಹೋಗಿವೆ, ಪಾದ ಬರೆದಿದ್ದರೆ ನಿಂತುಬಿಡುತ್ತಿದ್ದ, ಬರೆದವನು ಬಲು ಶಾಣ್ಯಾ, ಮೂಲೆಯಲ್ಲಿ ಇರುವೆ ಹರಿದಂತೆ ಅವನ ಸಹಿ — ಆದರೆ ಈ ನೀಲಿ ಹೋಗಿತ್ತಲ್ಲ, ನಾಲ್ಕು ವರ್ಷದ ಹಿಂದೆಯೇ ಹೋಗಿತ್ತಲ್ಲ, ಚಹಾದ ಬಣ್ಣಕ್ಕೆ ತಿರುಗಿತ್ತು, ಬಲಗಣ್ಣಿಗೆ ಇನ್ನೂ ಆಪರೇಷನ್ ಆಗಿಲ್ಲ, ಎಡಗಣ್ಣು ಮುಚ್ಚಿ ಅದೊಂದರಿಂದಲೇ ನೋಡುತ್ತೇನೆ, ಚಹಾ, ಎಡಗಣ್ಣು ತೆರೆಯುತ್ತೇನೆ, ಅಗಸಿ ಹೂವು, ಮುಚ್ಚಿದರೆ ಚಹಾ, ತೆರೆದರೆ — ಹಾಗಾದರೆ ಕೆಟ್ಟದ್ದು ಪುಸ್ತಕವಲ್ಲ. ಒಳಗೆ ರಾಮವ್ವ ರೊಟ್ಟಿ ಬಡಿಯುತ್ತಿದ್ದಾಳೆ, ಟಪ್ಪ ಟಪ್ಪ ಟಪ್ಪ, ನನ್ನ ಹೆಂಡತಿ, ಆ ಬೇಸಿಗೆಯಲ್ಲಿ ಟ್ರಂಕಿಗೆ ಹುಳ ಬಿದ್ದಾವು ಎಂದು ಅವಳೇ ಇವನ್ನೆಲ್ಲ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದ್ದಳು, ನನ್ನ ಮೇಲಿನ ಪ್ರೀತಿಯಿಂದಲೇ ಹರವಿದ್ದಳು, ಸಂಜೆ ನಾನು ನೋಡಿದೆ, ನೀಲಿ ಇಲ್ಲ, ಬಾಜೂಮನೆಯ ಖಾತುನಬಿ ಬಾಗಿಲಲ್ಲಿ ನಿಂತಿದ್ದರೂ ಬಾಯಿಗೆ ಬಂದಂತೆ ಬೈದೆ, ಬಿಸಿಲಿಗೆ ಸುಟ್ಟು ಹಾಳ್ ಮಾಡಿದೆಲ್ಲಬೇ, ಇನ್ನ ನನ್ನ ಟ್ರಂಕ್ ಮುಟ್ಟಿದ್ರ ನೋಡು, ಅವಳು ಒಂದೊಂದೇ ಪುಸ್ತಕ ಸೆರಗಿನಿಂದ ಒರೆಸಿ ಒಳಗಿಟ್ಟಳು, ಅಂದಿನಿಂದ ಕಸ ಗುಡಿಸುವಾಗಲೂ ಟ್ರಂಕಿನ ಸುತ್ತ ಒಂದು ಗೇಣು ಬಿಟ್ಟು ಗುಡಿಸುತ್ತಾಳೆ. ನಾಲ್ಕು ವರ್ಷ. ಏ ರಾಮವ್ವ, ಇಲ್ಲೆ ಬಾ ಸ್ವಲ್ಪ. ಟಪ್ಪ ಟಪ್ಪ ನಿಂತಿತು, ಬಂದಳು, ಕೈ ಪೂರ್ತಿ ಹಿಟ್ಟು, ಕಣ್ಣು ಉರೀತಾವೇನ್ರಿ, ಹನಿ ಹಾಕ್ಲೇನು, ಎಂದು ಗಾಬರಿಯಿಂದ ಕೇಳುತ್ತಾಳೆ, ಕಣ್ಣಿಗೇನೂ ಆಗಿಲ್ಲ, ನೀಲಿ ಹೋಗಿಲ್ಲಬೇ ಇದರಾಗಿಂದು, ಎಂದೆ, ಅವಳು ಚಿತ್ರವನ್ನೂ ನೋಡಲಿಲ್ಲ, ನನ್ನ ಮುಖವನ್ನೇ ನೋಡಿದಳು, ಹೂಂರಿ, ಅದು ಯಾವತ್ತೂ ಹೋಗಿದ್ದಿಲ್ಲ, ನನಗ ಆವತ್ತೂ ನೀಲಿನ ಕಾಣತಿತ್ತು. ಮತ್ತ ಯಾಕ ಹೇಳಲಿಲ್ಲ? ಅವಳು ಬಾಗಿಲಿಗೆ ಒರಗಿದಳು, ಹ್ಯಾಂಗ ಹೇಳ್ಲಿರಿ, ಮೂವತ್ತ ವರ್ಷ ಕೆಂಪು ಹಸರು ಝಂಡಾ ತೋರಿಸಿದ ಮನಶ್ಯಾಗ, ನಿಮಗ ಬಣ್ಣ ಕಾಣವಲ್ದು ಅಂತ ಹೇಳಾಕ ನನಗ ಬಾಯಿ ಬರಲಿಲ್ಲ, ನನ್ನ ಬೈದ್ರ ಬೈಯ್ಲಿ ಬಿಡು ಅಂತ ಸುಮ್ನಾದೆ. ತಪ್ಪಾತು ನಂದು, ಎಂದೆ, ಅವಳು ನಕ್ಕಳು, ಇಷ್ಟಕ್ಕ ಕರದ್ರೇನು, ಹಂಚಿನ ಮ್ಯಾಲ ರೊಟ್ಟಿ ಐತಿ, ಎಂದು ತಿರುಗಿದವಳನ್ನು ನಿಲ್ಲಿಸಿ ನೀಲಪ್ಪನನ್ನು ಅವಳ ಕೈಗೆ ಕೊಡಲು ಹೋದೆ, ಅವಳು ಕೈ ಹಿಂದಕ್ಕೆ ಎಳೆದುಕೊಂಡಳು, ಹಿಟ್ಟು ಹತ್ತತೈತ್ರಿ, ಹತ್ತಲಿ ಬಿಡು, ಎಂದೆ, ಹಿಡಿದಳು, ದೂರ ಹಿಡಿದು ತಲೆ ಓರೆ ಮಾಡಿ ನೋಡಿದಳು, ಇವಗ ಕಾಲೇ ಇಲ್ಲಲ್ರಿ, ಎಂದಳು, ಅದನ್ನ ನೋಡಂತನ ಕೊಟ್ಟೇನಿ, ಎಂದೆ, ರೊಟ್ಟಿ ಸೀದ ವಾಸನೆ ಬಂದಮೇಲೆ ಅದನ್ನು ನನಗೆ ಮರಳಿಸಿ ಓಡಿದಳು, ಟಪ್ಪ ಟಪ್ಪ ಮತ್ತೆ ಶುರುವಾಯಿತು, ಪುಸ್ತಕ ನನ್ನ ತೊಡೆಯ ಮೇಲಿದೆ, ಎಡಗಣ್ಣು ತೆರೆದೇ ಇದೆ, ಮುಖಪುಟ ಒರೆಸಬೇಕೆಂದು ಕೈ ಎತ್ತಿದವನು ಒರೆಸಲಿಲ್ಲ — ಆ ನೀಲಿಯ ನಟ್ಟನಡುವೆ, ಜೋಳದ ಹಿಟ್ಟಿನದು, ಬೆಳ್ಳಗೆ, ಗೆರೆಗೆರೆಯಾಗಿ, ರಾಮವ್ವನ ಹೆಬ್ಬೆರಳು.