ಹನ್ನೊಂದು ಮೇಕೆಗಳ ಮಂಡಿ

ಚಿಕ್ಕಬೋರಮ್ಮನ ಮೇಕೆಯ ಮುಂಗಾಲಿನ ಮಂಡಿ ಊದಿ ತೆಂಗಿನ ಚಿಪ್ಪಿನಷ್ಟಾಗಿತ್ತು. ಅದು ಮಂಡಿಯೂರಿಕೊಂಡೇ ಮೇಯುತ್ತಿತ್ತು. ಮೇಕೆ ಅವಳದಲ್ಲ, ಶಿವಶಂಕರನದು. ಸಂತೆಬಾಚಹಳ್ಳಿ ಕಡೆಯ ನಮ್ಮೂರಲ್ಲಿ ಅವನ ಮೇಕೆಗಳನ್ನು ಹನ್ನೊಂದು ಹೆಂಗಸರು ಪಾಲಿಗೆ ಸಾಕುತ್ತೇವೆ. ಮೇಯಿಸುವುದು, ಸೊಪ್ಪು ತರುವುದು, ರೋಗ ನೋಡುವುದು ನಮ್ಮ ಕೆಲಸ. ಮರಿ ಹಾಕಿದರೆ ಒಂದು ಅವನಿಗೆ, ಒಂದು ನಮಗೆ. ಮಾತೇನೋ ಚೆಂದವೇ. ಆದರೆ ಪ್ರತಿ ಸಲವೂ ಅವನು ಏನಾದರೊಂದು ತಪ್ಪು ತೆಗೆದು ಎರಡೂ ಮರಿ ಹೊಡೆದುಕೊಂಡು ಹೋಗುತ್ತಿದ್ದ. ನಾಲ್ಕು ವರ್ಷ ಸಾಕಿದರೂ ಚಿಕ್ಕಬೋರಮ್ಮನಿಗೆ ನನ್ನದು ಅನ್ನುವ ಒಂದು ಮರಿ ಇರಲಿಲ್ಲ.

ಈ ಸಲ ಮೇಕೆ ಗಬ್ಬವಾಗಿತ್ತು. ಅವನು ಬೈಕಿನಿಂದ ಇಳಿಯದೆಯೇ ಮಂಡಿ ನೋಡಿದ.

"ಒಡ್ದು ಮುರ್ದಿದ್ದೀಯ ಕಣಮ್ಮಿ. ದಂಡಕ್ಕೆ ಎರಡು ಮರೀನೂ ನಂದೇ."

"ನಿಮ್ಮಾಣೆ ಒಡ್ದಿಲ್ಲ ಕಣಣ್ಣ."

"ಅಂಗಾರೆ ತಾನೇ ಊದ್ಕತಾ? ಯಾರ್ಗೂ ಏಳ್ಬ್ಯಾಡ, ನಿನ್ ಮಾನನೇ ಓಯ್ತದೆ."

ಅವಳು ಯಾರಿಗೂ ಹೇಳಲಿಲ್ಲ. ಹುಣಸೆಹಣ್ಣು, ಅರಿಸಿನದ ಪಟ್ಟು ಹಾಕಿ ಹಳೇ ಸೀರೆ ಹರಿದು ಕಟ್ಟಿದಳು. ನಾನೂ ಹೇಳಿರಲಿಲ್ಲ. ನನ್ನ ಮೇಕೆಗೂ ಅದೇ ಆಗಿತ್ತು, ನನಗೂ ಅವನು ಅದನ್ನೇ ಹೇಳಿದ್ದ. ಪೆದ್ದಿ ನಾನು, ಬಾಯಿ ಮುಚ್ಚಿಕೊಂಡಿದ್ದೆ.

ಲಸಿಕೆ ಹಾಕುವ ದಿನ ದನದ ಡಾಕ್ಟರಮ್ಮ ನಿಸರ್ಗ ಅವರು ಶಾಲೆಯ ಮುಂದೆ ಮೇಕೆಗಳನ್ನು ಸಾಲಾಗಿ ನಿಲ್ಲಿಸಿದರು. ನಮ್ಮ ಹನ್ನೊಂದರಲ್ಲಿ ಒಂಬತ್ತಕ್ಕೆ ಮಂಡಿಪಟ್ಟಿ. ಒಂದಕ್ಕೆ ಹೂವಿನ ಸೀರೆ, ಒಂದಕ್ಕೆ ಜರಿಯಂಚು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಮೊದಲು ನಗು ಬಂದದ್ದು ಚಿಕ್ಕಬೋರಮ್ಮನಿಗೆ.

"ಲೇ ಅಣ್ಣಮ್ಮ, ನೀನೂವೆ ಒಡ್ದಾ?" ಎಂದು ನನ್ನನ್ನು ಕೇಳಿದಳು.

"ಊ ಕಣಕ್ಕ. ನೀನೂವೆ?"

"ನೋಡ್ರಮ್ಮಿ, ಎಲ್ರೂ ಮಾತಾಡ್ಕಂಡು ಮಂಡಿಗೇ ನೋಡಿ ಒಡ್ದಿದ್ದೀವಿ."

ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡು ಕುಕ್ಕರಿಸಿದೆವು. ಸೂಜಿ ಹಿಡಿದವನು ಕೆಲಸ ಬಿಟ್ಟು ನಮ್ಮನ್ನೇ ನೋಡುತ್ತಿದ್ದ. ಡಾಕ್ಟರಮ್ಮ ಮಾತ್ರ ನಗಲಿಲ್ಲ. ಮೇಕೆಗಳ ರಕ್ತ ತೆಗೆದುಕೊಂಡು ಹೋದರು. ಹತ್ತು ದಿನ ಬಿಟ್ಟು ಬಂದರು.

"ಇದು ಏಟಲ್ಲ, ವೈರಸ್ಸು. ತುಂಬಾ ನಿಧಾನದ್ದು. ಮರಿಯಾಗಿದ್ದಾಗ ತಾಯಿ ಹಾಲಲ್ಲಿ ಒಳಗೆ ಹೋಗುತ್ತೆ, ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಮಂಡಿ ಹಿಡಿಯುತ್ತೆ. ಇದಕ್ಕೆ ಔಷಧಿ ಇಲ್ಲ. ನಿಮ್ಮ ಕೈಗೆ ಬರೋ ಮುಂಚೆ ಶಿವಶಂಕರ್ ಕೊಟ್ಟಿಗೇಲೇ ಅಂಟಿದೆ."

"ವಟ್ಟೇಲಿರೋ ಮರಿಗೋ?" ಚಿಕ್ಕಬೋರಮ್ಮನ ನಗು ಹೋಗಿತ್ತು.

"ಹುಟ್ಟಿದ ತಕ್ಷಣ, ತಾಯಿ ಕೆಚ್ಚಲಿಗೆ ಬಾಯಿ ಹಾಕೋಕೆ ಮುಂಚೆ ಎತ್ಕೊಂಡು ಹಸುವಿನ ಗಿಣ್ಣು ಕುಡಿಸಿ. ಉಳಿಸ್ಕೋಬಹುದು."

ಅವತ್ತೇ ಹನ್ನೊಂದು ಮೇಕೆಗಳನ್ನೂ, ಕುಂಟುವವನ್ನು ಕುಂಟಿಸಿಕೊಂಡೇ, ಶಿವಶಂಕರನ ಮನೆ ಮುಂದೆ ಹೊಡೆದುಕೊಂಡು ಹೋದೆವು. ಅವನು ಹಲ್ಲುಕಡ್ಡಿ ಆಡಿಸುತ್ತ ಬಂದ. ಡಾಕ್ಟರಮ್ಮ ಹೇಳಿದ್ದನ್ನು ಹೇಳಿ, ಇನ್ನು ಮರಿ ದಂಡ ಕೊಡಲ್ಲ ಅಂದೆವು.

"ಅದೆಲ್ಲ ಡಾಕ್ಟ್ರು ಕಟ್ಟಿದ್ ಕತೆ. ಮ್ಯಾಕೆ ಇಲ್ಲೇ ಕಟ್ಬುಟ್ಟು ಒಂಟೋಗಿ."

ಇಷ್ಟು ವರ್ಷ ನಾವು ಹೆದರಿದ್ದು ಈ ಮಾತಿಗೇ.

"ಕಟ್ತೀವಿ," ಅಂದಳು ಚಿಕ್ಕಬೋರಮ್ಮ. "ಮ್ಯಾಕೆ ನಿಮ್ದೇಯ. ವಟ್ಟೇಲಿ ನಮ್ ಪಾಲೈತೆ. ಅದು ಈಚೆಗೆ ಬರೋಗಂಟ ನಾವು ಏಳಾಕಿಲ್ಲ."

ಅವನ ಜಗಲಿ ಮೇಲೆ ಕುಳಿತೆವು. ಅಂಗಳದಲ್ಲಿ ಮೂರು ಕಲ್ಲು ಹೂಡಿ ಮುದ್ದೆ, ಉಪ್ಸಾರು ಮಾಡಿಕೊಂಡು ಉಂಡೆವು. ನಮ್ಮಲ್ಲಿ ಕೆಲವರಿಗೆ ಮದುವೆ ಮನೆಯಷ್ಟು ಸಡಗರ. ಮೇಕೆಗಳು ಅವನ ದಾಸವಾಳವನ್ನು ಬುಡದವರೆಗೂ ಬೋಳಿಸಿದವು. ಅವನು ಯಾರಿಗೋ ಫೋನು ಮಾಡಿ, "ಮ್ಯಾಕೆ ಮರಿ ಆಕೋದ ಕಾಯ್ತಾ ಕುಂತವ್ರೆ" ಎಂದ. ಆ ಕಡೆಯವರು ನಕ್ಕಿದ್ದು ನಮಗೂ ಕೇಳಿಸಿತು.

ಮೂರನೇ ಬೆಳಿಗ್ಗೆ ಚಿಕ್ಕಬೋರಮ್ಮನ ಮೇಕೆ ಎರಡು ಮರಿ ಹಾಕಿತು. ಅವು ಕೆಚ್ಚಲು ಹುಡುಕುವ ಮೊದಲೇ ಅವಳು ಎರಡನ್ನೂ ಸೆರಗಿನಲ್ಲಿ ಬಾಚಿಕೊಂಡಳು.

"ಒಂದು ನಂದು," ಅಂದ ಶಿವಶಂಕರ.

"ಇದ್ಕೂ ಮುಂಚೆ ನನ್ ಪಾಲಿಂದ ನಾಕ್ ಮರಿ ನುಂಗಿದ್ದೀರಿ. ಇವೆರಡೂ ನಂದೇ." ಆಮೇಲೆ ಅವಳು ಅಡುಗೆಮನೆ ಬಾಗಿಲಿಗೆ ತಿರುಗಿ ಅವನ ಹೆಂಡತಿಯನ್ನು ಕರೆದಳು. "ಹೇಮಶ್ರೀಯವ್ವ, ನಿಮ್ ಅಸ ನೆನ್ನೆ ಕರ ಆಕ್ತಲ್ಲ, ಒಸಿ ಗಿಣ್ಣು ಕೊಡವ್ವ."

ಗಂಡ ಕಣ್ಣು ಕೆಕ್ಕರಿಸಿದ. ಹೇಮಶ್ರೀ ಅವನನ್ನು ನೋಡಿದಳು, ಮರಿಗಳನ್ನು ನೋಡಿದಳು. ಒಳಗೆ ಹೋಗಿ ಚೊಂಬಿನ ತುಂಬ ತಂದಳು.

"ತಗಂಡ್ರಲ್ಲ, ಇನ್ನಾರ ಏಳ್ರಮ್ಮಿ," ಅಂದ ಅವನು. ದನಿ ಇಳಿದಿತ್ತು.

ನಾನು ಮೇಕೆಗಳ ಕಡೆ ಕೈ ತೋರಿಸಿದೆ.

"ಇನ್ನೂ ನಾಕು ಗಬ್ಬ ಅವೆ ಕಣಣ್ಣ. ಒಲೆಗೆ ಒಸಿ ಸೌದೆ ಕೊಡಿ."