ಬಲಪಾದದ ಅಳತೆ

ಕೆಂಚಪ್ಪನಿಗೆ ಬಲಪಾದ ಇರಲಿಲ್ಲ. ಕುಣಿ ತೋಡಲು ಬಂದ ಉದ್ದಪ್ಪ ಜೋಳದ ದಂಟು ಹಿಡಿದು ಅವನ ಹೆಣದ ಮುಂದೆ ಕೂತ ಮೇಲೆಯೇ ಅದು ಎಲ್ಲರಿಗೂ ನೆನಪಾಯಿತು. ಸತ್ತವನ ಬಲಪಾದದಷ್ಟಕ್ಕೆ ದಂಟು ಮುರಿದು, ಆ ದಂಟಿನಿಂದ ಒಂಬತ್ತು ಸಲ ಅಳೆದು, ಹೆಣ ಕೂರಿಸುವ ಕುಣಿ ತೋಡುವುದು ಅಂಕಲಗಿಯ ಈ ಮನೆತನದ ಪದ್ಧತಿ.

"ಈಗ ಹೆಂಗ ಮಾಡೂದ್ರಿ ಅಯ್ಯಾರ?" ಎಂದ ಉದ್ದಪ್ಪ.

"ಎಡಗಾಲ ಐತಲ್ರಿ," ಎಂದಳು ಕೆಂಚಪ್ಪನ ಹೆಂಡತಿ ಅಕ್ಕವ್ವ.

"ಎಡಗಾಲ ನಡಿಯಂಗಿಲ್ಲವ್ವಾ," ಎಂದರು ಕ್ರಿಯೆ ಮಾಡಿಸಲು ಬಂದ ಅಯ್ಯನವರು.

ಅಕ್ಕವ್ವ ಒಳಗೆ ಹೋಗಿ ಒಂದು ಚಪ್ಪಲಿ ತಂದಳು. ಮದುವೆಯಲ್ಲಿ ಅವಳಪ್ಪ ಮೂಡಲಗಿಯಿಂದ ತಂದ ಜೋಡಿನದು. ಎಡದ್ದು ಎಂದೋ ಸವೆದು ಹೋಗಿತ್ತು. ಬಲದ್ದು ಹೊಸದರಂತೆಯೇ ಇತ್ತು.

"ಇದು ಅವ್ರ ಪಾದದ ಅಳತೀನ ಐತ್ರಿ."

"ಹೆಣದ ಮುಂದ ತೊಗಲು ತರ್ತಾರೇನು? ಹಿಂದ ಸರಿ!" ಎಂದು ಗದರಿದರು ಅಯ್ಯನವರು.

ಕೆಂಚಪ್ಪನ ಅಣ್ಣ ದುಂಡಪ್ಪ ಧೋತರ ಎತ್ತಿ ಕಾಲು ಚಾಚಿದ. "ಒಂದ ಹೊಟ್ಟ್ಯಾಗ ಹುಟ್ಟೇವಿ. ನನ್ನ ಕಾಲಿಗೆ ಹಿಡಿಯೋ ಉದ್ದಪ್ಪಾ."

"ನಿಮ್ಮ ಕಾಲ ಭಾಳ ದೊಡ್ಡದೈತ್ರಿ ಭಾವಾರ. ಅವ್ರದಲ್ಲ ಅದು."

"ದೊಡ್ಡದಾದ್ರ ಏನ ಲುಕ್ಸಾನ? ಆರಾಮ ಕೂಡ್ಲಿ."

ಗೋಡೆಗೆ ಒರಗಿದ್ದವನೊಬ್ಬ ಬಾಜೂದವನ ಕಿವಿಯಲ್ಲಿ ಅಂದ, "ಎರಡೂ ಬೇಕು ಅಂದಾಂವಾ, ಕಡೀಕ ಒಂದ ಕಾಲಾಗ ಹೊಂಟ ನೋಡು."

ದುಂಡಪ್ಪನ ಪಾದದಷ್ಟಕ್ಕೆ ದಂಟು ಮುರಿದ ಸದ್ದು ಕೇಳಿಸಿತು.

\* \* \*

೧೯೫೧. ಧಾರವಾಡದ ಒಂದು ಕಾಲೇಜಿನಲ್ಲಿ ಕೆಂಚಪ್ಪ ಬಿ.ಎ.ಗೆ ಗಣಿತ, ತತ್ವಶಾಸ್ತ್ರ ಎರಡನ್ನೂ ತೆಗೆದುಕೊಂಡಿದ್ದ. ಎರಡು ತರಗತಿಗಳೂ ಒಂದೇ ಹೊತ್ತಿಗೆ ಬಂದವು. ಒಂದು ದಿನ ಇಲ್ಲಿ ಕೂತ, ಒಂದು ದಿನ ಅಲ್ಲಿ ಕೂತ. ಎರಡರಲ್ಲೂ ಹಾಜರಿ ಸಾಲದೆ ಪರೀಕ್ಷೆ ತಪ್ಪಿತು. ಪ್ರಿನ್ಸಿಪಾಲರು ದುಂಡಪ್ಪನನ್ನು ಕರೆಸಿ, ಒಂದು ವಿಷಯ ಬಿಟ್ಟರೆ ಮುಂದಿನ ವರ್ಷ ಪರೀಕ್ಷೆಗೆ ಕೂರಿಸುತ್ತೇವೆ ಎಂದರು.

"ಯಾವ್ದು ಬಿಡ್ತಿ ಹೇಳು," ಎಂದ ದುಂಡಪ್ಪ.

"ಗಣಿತದಾಗ ಇದು ಖರೆ ಅಂತ ತೋರಿಸ್ತಾರಣ್ಣಾ. ಖರೆ ಅಂದ್ರ ಏನು ಅಂತ ಕೇಳಿದ್ರ, ಬಾಜೂ ಖೋಲಿಗೆ ಹೋಗಿ ಕೇಳು ಅಂತಾರ. ಒಂದು ಬಿಟ್ರ ಇನ್ನೊಂದು ಕುಂಟ ಆಕ್ಕೈತಿ."

"ಹಂಗಾರ ಎರಡೂ ಬಿಡು." ದುಂಡಪ್ಪ ಟ್ರಂಕು ಎತ್ತಿಕೊಂಡ. "ಬೆಲ್ಲದ ಬಂಡಿ ಹೊಡ್ಯಾಕ ಆಳ ಸಿಗವಲ್ರು."

ಮದುವೆಯಾದ ವರ್ಷವೇ, ಗೋಕಾಕ ಪೇಟೆಯ ದಾರಿಯಲ್ಲಿ, ಬೆಲ್ಲ ತುಂಬಿದ ಆ ಬಂಡಿಯ ಗಾಲಿ ಅವನ ಬಲಪಾದದ ಮೇಲೆ ಹಾಯಿತು. ಕೊಳೆತ ಮೇಲೆ ದವಾಖಾನೆಯಲ್ಲಿ ಕತ್ತರಿಸಿದರು. ಕತ್ತರಿಸಿದ್ದು ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ.

\* \* \*

ಕುಣಿ ದೊಡ್ಡದಾಯಿತು. ಜ್ವರದಲ್ಲಿ ಒಣಗಿ ಸತ್ತ ಕೆಂಚಪ್ಪನನ್ನು ಅದರಲ್ಲಿ ಕೂರಿಸಿದರೆ ಬಲಕ್ಕೆ ವಾಲಿದ. ಎತ್ತಿ ಕೂರಿಸಿದರು. ಮತ್ತೆ ವಾಲಿದ.

"ನಿಲ್ಲವಲ್ರು, ಧಣ್ಯಾರ," ಎಂದ ಉದ್ದಪ್ಪ ಕುಣಿಯೊಳಗಿಂದ.

"ಬಾಜೂಕ ಮಣ್ಣ ತುಂಬು. ಜಲ್ದಿ ಮಾಡು, ಬಿಸಲ ಏರಾಕತ್ತೈತಿ," ಎಂದ ದುಂಡಪ್ಪ.

ಉದ್ದಪ್ಪ ಬಲಗಡೆ ಮಣ್ಣು ಒತ್ತಿ ಅವನನ್ನು ನೆಟ್ಟಗೆ ಕೂರಿಸಿದ. ಕೈಯಲ್ಲಿದ್ದ ದಂಟನ್ನೂ ಅಲ್ಲೇ ಒಗೆದು ಮೇಲೆ ಹತ್ತಿದ. ದುಂಡಪ್ಪ ಮೊದಲ ಹಿಡಿ ಮಣ್ಣು ಹಾಕಿದ. ಅಕ್ಕವ್ವ ದೂರ ನಿಂತಿದ್ದಳು. ಸೆರಗಿನೊಳಗೆ ಆ ಚಪ್ಪಲಿ ಇತ್ತು.

ಕೆಂಚಪ್ಪನದು ಹೋದದ್ದು ಓದಿನ ಎರಡು ವಿಷಯ, ಒಂದು ಪಾದ, ಕಡೆಗೆ ಅದರ ಅಳತೆ.